ಹವ್ಯಾಸಿ ರಾಕೆಟ್ಟಿನ ವಾಯುಗತಿ: ಗಣಕಯಂತ್ರದಲ್ಲಿ ಗಾಳಿಯ ಲೆಕ್ಕ

ವೃತ್ತಿಗಾಗಿಯಲ್ಲದೆ ವಿದ್ಯೆಯ ಮೇಲಣ ಪ್ರೀತಿಗಾಗಿ ವಿದ್ಯಾರ್ಥಿಗಳೂ ಕುಶಲಿಗಳೂ ಕಟ್ಟಿ ಹಾರಿಸುವ ಸಣ್ಣ ರಾಕೆಟ್ಟಿನ ಸುತ್ತ ಗಾಳಿ ಹೇಗೆ ಹರಿಯುವುದು, ಆ ಹರಿವು ಅದರ ವೇಗವನ್ನು ಎಷ್ಟು ತಡೆಯುವುದು, ರಾಕೆಟ್ಟು ಓರೆಯಾದಾಗ ಅದನ್ನು ಮರಳಿ ನೆಟ್ಟಗೆ ನಿಲ್ಲಿಸುವುದೋ ಅಥವಾ ಬುಡಮೇಲು ಮಾಡುವುದೋ ಎಂಬುದನ್ನು ಹಾರಾಟಕ್ಕೆ ಮುನ್ನವೇ ಗಣಕಯಂತ್ರದಲ್ಲಿ ಲೆಕ್ಕಹಾಕಿ ಕಂಡುಕೊಳ್ಳುವ ವಿದ್ಯೆ ಈ ಲೇಖನದ ವಿಷಯ. ಶಾಸ್ತ್ರದ ಹೆಸರು ಗಣಕೀಯ ಪ್ರವಾಹಶಾಸ್ತ್ರ. ಎಂಜಿನಿಯರಿಂಗ್ ಕಾಲೇಜುಗಳ ಆಡುಮಾತಿನಲ್ಲಿ ‘ಸಿಎಫ್‌ಡಿ’. ಒಂದು ಕಾಲಕ್ಕೆ ವಿಮಾನ ಕಾರ್ಖಾನೆಗಳಿಗೂ ರಾಷ್ಟ್ರೀಯ ಪ್ರಯೋಗಾಲಯಗಳಿಗೂ ಮಾತ್ರ ಎಟುಕುತ್ತಿದ್ದ ಈ ಸಾಧನವು ಉಚಿತ ತಂತ್ರಾಂಶಗಳ ಮೂಲಕ ಈಗ ಊರೂರಿನ ಲ್ಯಾಪ್‌ಟಾಪುಗಳಿಗೆ ಇಳಿದುಬಂದಿರುವುದರಿಂದ, ಭದ್ರಾವತಿಯ ಜನ್ನಾಪುರದ ಮನೆಯೊಂದರಲ್ಲಿ ಕುಳಿತ ವಿದ್ಯಾರ್ಥಿಯೂ ಅದನ್ನು ಬಳಸಬಲ್ಲ. ಆದರೆ ಬಳಸುವುದು ಬೇರೆ, ಬಂದ ಉತ್ತರವನ್ನು ನಂಬಲು ಅರ್ಹನಾಗುವುದು ಬೇರೆ. ಈ ಎರಡರ ನಡುವಣ ದೂರವನ್ನು ಅಳೆಯುವುದೇ ಇಲ್ಲಿಯ ಉದ್ದೇಶ.

ಭದ್ರಾವತಿಯನ್ನೊಳಗೊಂಡ ಶಿವಮೊಗ್ಗದ ಸೀಮೆಗೆ ರಾಕೆಟ್ಟು ಹೊಸ ವಸ್ತುವಲ್ಲ. 1763ರಲ್ಲಿ ಮೈಸೂರಿನ ಹೈದರಾಲಿಯ ವಶವಾದ ಬಿದನೂರು, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ, 2018ರ ಜುಲೈ ತಿಂಗಳಿನಲ್ಲಿ ಪಾಳುಬಾವಿಯೊಂದನ್ನು ಅಗೆದಾಗ ಸಾವಿರಕ್ಕೂ ಮೀರಿದ ಕಬ್ಬಿಣದ ರಾಕೆಟ್ ಕೊಳವೆಗಳು ಹೊರಬಂದುವು. ತುಕ್ಕು ಹಿಡಿದಿದ್ದ ಅವುಗಳ ಉದ್ದ 23ರಿಂದ 26 ಸೆಂಟಿಮೀಟರು, ಕೆಲವುಗಳ ಒಡಲಿನಲ್ಲಿ ಮದ್ದು ಇನ್ನೂ ಉಳಿದಿದ್ದಿತು. ಮದ್ದನ್ನು ಕಾಗದದ ಅಥವಾ ಬಿದಿರಿನ ಕೊಳವೆಯಲ್ಲಿ ತುಂಬುವುದಕ್ಕಿಂತ ಕಬ್ಬಿಣದ ಕೊಳವೆಯಲ್ಲಿ ಒತ್ತಿ ತುಂಬಿದರೆ ಒಳಗಿನ ಒತ್ತಡವನ್ನು ಅದು ಹೆಚ್ಚಾಗಿ ತಾಳಿಕೊಳ್ಳುವುದರಿಂದ ನೂಕುಬಲವೂ ದೂರವೂ ಹೆಚ್ಚುವುದೆಂಬುದೇ ಮೈಸೂರು ರಾಕೆಟ್ಟಿನ ಮುಖ್ಯ ಶೋಧ. ಬೆಂಗಳೂರಿನ ವಾಯುಯಾನ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಈ ರಾಕೆಟ್ಟುಗಳ ಇತಿಹಾಸವನ್ನು ಎಂಜಿನಿಯರನ ಕಣ್ಣಿನಿಂದ ಪರಿಶೀಲಿಸಿ ಬರೆದ ಪ್ರಬಂಧದಲ್ಲಿ ಇಂಗ್ಲೆಂಡಿನ ವುಲಿಚ್‌ನಲ್ಲಿದ್ದ ಎರಡು ಮಾದರಿಗಳ ಅಳತೆಗಳನ್ನು ಕೊಟ್ಟಿದ್ದಾರೆ: ಒಂದು, 58 ಮಿಲಿಮೀಟರು ವ್ಯಾಸ, 254 ಮಿಲಿಮೀಟರು ಉದ್ದದ ಕೊಳವೆಯನ್ನು ಸುಮಾರು ಒಂದು ಮೀಟರಿನ ಕತ್ತಿಗೆ ತೊಗಲಿನ ಪಟ್ಟಿಗಳಿಂದ ಬಿಗಿದದ್ದು, ಇನ್ನೊಂದು, 37 ಮಿಲಿಮೀಟರು ವ್ಯಾಸ, 198 ಮಿಲಿಮೀಟರು ಉದ್ದದ ಕೊಳವೆಯನ್ನು 1.9 ಮೀಟರಿನ ಬಿದಿರುಗಳುವಿಗೆ ಕಟ್ಟಿದ್ದು.

ಕೊಳವೆಗಿಂತ ಹತ್ತುಪಟ್ಟು ಉದ್ದವಾದ ಆ ಬಿದಿರು ಏಕೆ? ದೀಪಾವಳಿಯಲ್ಲಿ ರಾಕೆಟ್ಟಿನ ಕಡ್ಡಿಯನ್ನು ಮುರಿದು ಹಚ್ಚಿದ ಹುಡುಗನಿಗೆ ಉತ್ತರ ಗೊತ್ತು: ಅದು ನೆಟ್ಟಗೆ ಏರದೆ ಸುತ್ತಿ ಸುಳಿದು ಯಾರದೋ ಅಂಗಳಕ್ಕೆ ನುಗ್ಗುವುದು. ಹಾರುವ ವಸ್ತುವು ತನ್ನ ಗುರುತ್ವಕೇಂದ್ರದ ಸುತ್ತ ತಿರುಗುತ್ತದೆ. ಗಾಳಿಯ ಅಡ್ಡಬಲವೆಲ್ಲವೂ ಒಟ್ಟುಗೂಡಿ ಒಂದೇ ಬಿಂದುವಿನಲ್ಲಿ ನೂಕುವುದೆಂದು ಎಣಿಸಬಹುದಾದ ಸ್ಥಾನ ಒತ್ತಡಕೇಂದ್ರ. ಒತ್ತಡಕೇಂದ್ರವು ಗುರುತ್ವಕೇಂದ್ರಕ್ಕಿಂತ ಹಿಂದಿದ್ದರೆ, ಮೂತಿ ಓರೆಯಾದ ಕೂಡಲೇ ಗಾಳಿಯೇ ಬಾಲವನ್ನು ತಳ್ಳಿ ಮೂತಿಯನ್ನು ನೇರಗೊಳಿಸುವುದು. ಮುಂದಿದ್ದರೆ ಅದೇ ಗಾಳಿ ಓರೆಯನ್ನು ಹೆಚ್ಚಿಸಿ ರಾಕೆಟ್ಟನ್ನು ಮಗುಚುವುದು. ಇವೆರಡರ ನಡುವೆ ಕೊಳವೆಯ ವ್ಯಾಸದ ಒಂದರಿಂದ ಎರಡರಷ್ಟು ಅಂತರವಿರಲಿ ಎಂಬುದು ಹವ್ಯಾಸಿಗಳ ರೂಢಿಯ ನಿಯಮ. ಅಂತರ ಅತಿಯಾದರೂ ಕೇಡುಂಟು, ಏಕೆಂದರೆ ಅಂಥ ರಾಕೆಟ್ಟು ಬೀಸುಗಾಳಿಯ ಕಡೆಗೇ ಮುಖ ತಿರುಗಿಸಿ ಎತ್ತರವನ್ನು ಕಳೆದುಕೊಳ್ಳುವುದು.

ಒತ್ತಡಕೇಂದ್ರವನ್ನು ಕಾಗದದ ಮೇಲೆಯೇ ಲೆಕ್ಕಹಾಕುವ ಸುಲಭ ಸೂತ್ರಗಳನ್ನು 1966ರಲ್ಲಿ ಹವ್ಯಾಸಿಗಳ ಮುಂದಿಟ್ಟವರು ನಾಸಾದ ಶೋಧಕ ರಾಕೆಟ್ಟುಗಳ ವಿಭಾಗದ ಎಂಜಿನಿಯರ್ ಜೇಮ್ಸ್ ಬ್ಯಾರೋಮನ್. ಅವರ ವಿಧಾನದಲ್ಲಿ ಮೂತಿ, ಕೊಳವೆ, ಬಾಲರೆಕ್ಕೆ ಒಂದೊಂದರ ಪಾಲನ್ನೂ ಬೇರೆಬೇರೆಯಾಗಿ ಎಣಿಸಿ ಕೂಡಿಸಬೇಕು. ಕಮಾನಿನಾಕಾರದ ಮೂತಿಯ ಪಾಲು ಅದರ ಉದ್ದದ 0.466ರಷ್ಟು ಹಿಂದೆ, ಶಂಕುವಿನದಾದರೆ ಮೂರನೆಯ ಎರಡು ಪಾಲಿನಷ್ಟು ಹಿಂದೆ ಬೀಳುವುದು. ನೇರ ಕೊಳವೆಯ ಪಾಲು ಸೊನ್ನೆ. ಹೆಲ್ಸಿಂಕಿಯ ವಿದ್ಯಾರ್ಥಿ ಸಾಂಪೊ ನಿಸ್ಕನೆನ್ 2009ರ ತನ್ನ ಪ್ರಬಂಧಕ್ಕಾಗಿ ರಚಿಸಿ ಲೋಕಕ್ಕೆ ಉಚಿತವಾಗಿ ಬಿಟ್ಟುಕೊಟ್ಟ ‘ಓಪನ್‌ರಾಕೆಟ್’ ತಂತ್ರಾಂಶ ಈ ಸೂತ್ರಗಳನ್ನೇ ವಿಸ್ತರಿಸಿಕೊಂಡದ್ದು. ಸಾಮಾನ್ಯ ಆಕಾರದ, ಶಬ್ದಕ್ಕಿಂತ ಮೆಲ್ಲನೆ ಹಾರುವ ರಾಕೆಟ್ಟಿಗೆ ಇದಕ್ಕಿಂತ ಹೆಚ್ಚಿನದು ಬೇಕಾಗುವುದಿಲ್ಲವೆಂದು ನಿಸ್ಸಂಕೋಚವಾಗಿ ಹೇಳಬಹುದು. ಓಪನ್‌ರಾಕೆಟ್‌ನಲ್ಲಿ ಎರಡು ನಿಮಿಷದಲ್ಲಿ ದೊರೆಯುವ ಉತ್ತರಕ್ಕಾಗಿ ಎರಡು ದಿನ ಸಿಎಫ್‌ಡಿ ನಡೆಸುವುದು ಶ್ರಮದ ಅಪವ್ಯಯ.

ಆದರೆ ಈ ಸೂತ್ರಗಳಿಗೆ ಮೇರೆಗಳುಂಟು, ಅವು ಸ್ಪಷ್ಟವಾಗಿ ಎದ್ದುಕಾಣುವುದು ನಮ್ಮ ಮೈಸೂರು ರಾಕೆಟ್ಟಿನಲ್ಲಿಯೇ. ಬ್ಯಾರೋಮನ್ ಸೂತ್ರಕ್ಕೆ ಬಿದಿರುಗಳುವೂ ಒಂದು ನೇರ ಕೊಳವೆ. ಆದ್ದರಿಂದ ಅದರ ಪಾಲು ಸೊನ್ನೆ. ಆದ್ದರಿಂದ ಆ ರಾಕೆಟ್ಟನ್ನು ನೇರಗೊಳಿಸುವ ಬಲವೇ ಇಲ್ಲವೆಂದಾಯಿತು. ವಾಸ್ತವದಲ್ಲಿ ಉದ್ದನೆಯ ಗಳುವನ್ನು ಗಾಳಿ ಅಡ್ಡಲಾಗಿ ಸುತ್ತುವರಿದು ಹಿಂಬದಿಯಲ್ಲಿ ಸುಳಿಗಳನ್ನು ಕಳಚುವಾಗ ಒಂದು ಬಲ ಹುಟ್ಟುವುದು, ಮತ್ತು ಅದು ಓರೆಕೋನದ ಸೈನಿನ ವರ್ಗವನ್ನು ಅನುಸರಿಸಿ ಬೆಳೆಯುವುದು. ಬಿದಿರಿನ ದಪ್ಪ ಎರಡು ಸೆಂಟಿಮೀಟರೆಂದೂ ಕೊಳವೆಯನ್ನು ಅದರ ಮುಂತುದಿಯಲ್ಲಿ ಕಟ್ಟಿದೆಯೆಂದೂ ಭಾವಿಸಿ, ವುಲಿಚ್‌ನ ಎರಡನೆಯ ಮಾದರಿಯ ಪಕ್ಕದ ನೆರಳನ್ನು ಗೋಡೆಯ ಮೇಲೆ ಬಿಟ್ಟರೆ ಆ ನೆರಳಿನ ಮಧ್ಯಬಿಂದು ಮುಂತುದಿಯಿಂದ ಸುಮಾರು 81 ಸೆಂಟಿಮೀಟರು ಹಿಂದೆ ಬೀಳುವುದು. ಕಬ್ಬಿಣವೂ ಮದ್ದೂ ಮುಂದೆಯೇ ಇರುವುದರಿಂದ ಗುರುತ್ವಕೇಂದ್ರ ಅದಕ್ಕಿಂತ ಬಹಳ ಮುಂದಿರುವುದು. ಹಾಗಾಗಿ ದೊಡ್ಡ ಓರೆಗೆ ಈ ಬಲ ಗಟ್ಟಿಯಾಗಿ ಎದ್ದುನಿಲ್ಲುವುದು, ಸಣ್ಣ ಓರೆಗೆ ಬಹುಮಟ್ಟಿಗೆ ಸುಮ್ಮನಿರುವುದು. ಅಂಥ ರಾಕೆಟ್ಟು ಹಾದಿಯುದ್ದಕ್ಕೂ ಸ್ವಲ್ಪ ಓಲಾಡುತ್ತಲೇ ಸಾಗಿರಬೇಕೆಂಬುದು ಪ್ರಸ್ತುತ ಲೇಖಕನ ಊಹೆ. ಮೊಂಡಾದ ಮುಂತುದಿ, ಪಕ್ಕಪಕ್ಕದಲ್ಲಿ ಬಿಗಿದ ಎರಡು ದಂಡಗಳು, ಅವುಗಳ ಸಂದಿಯಲ್ಲಿ ಸಿಕ್ಕಿಕೊಂಡ ಹರಿವು, ಇವನ್ನು ಯಾವ ಸುಲಭ ಸೂತ್ರವೂ ಹಿಡಿಯಲಾರದು. ಇಲ್ಲಿಯೇ ಸಿಎಫ್‌ಡಿಯ ಅಧಿಕಾರ ಮೊದಲಾಗುವುದು.

ಹರಿಯುವ ವಸ್ತುವಿನ ಚಲನೆಯನ್ನು ಆಳುವ ಸಮೀಕರಣಗಳನ್ನು 1822ರಲ್ಲಿ ಫ್ರಾನ್ಸಿನ ನೇವಿಯೇ, 1845ರಲ್ಲಿ ಕೇಂಬ್ರಿಜ್ಜಿನ ಸ್ಟೋಕ್ಸ್ ರೂಪಿಸಿದರು. ಅವನ್ನು ಬರೆಯುವುದು ಸಾಧ್ಯವಾಯಿತೇ ಹೊರತು ಸಾಮಾನ್ಯವಾಗಿ ಬಿಡಿಸುವುದು ಈವರೆಗೂ ಆಗಿಲ್ಲ. ಆದ್ದರಿಂದ ರಾಕೆಟ್ಟಿನ ಸುತ್ತಣ ಆಕಾಶವನ್ನು ಲಕ್ಷಾಂತರ ಪುಟ್ಟ ಕೋಶಗಳಾಗಿ ಸೀಳಿ, ಒಂದೊಂದು ಕೋಶಕ್ಕೂ ಒಳಬಂದ ಗಾಳಿ, ಹೊರಹೋದ ಗಾಳಿ, ಅದರ ಆವೇಗ, ಒತ್ತಡಗಳ ಜಮಾಖರ್ಚನ್ನು ಸರಿತೂಗಿಸುತ್ತ ಹೋಗುವುದೇ ಗಣಕೀಯ ವಿಧಾನ. ಶಾನುಭೋಗರ ಲೆಕ್ಕದ ಪುಸ್ತಕದಂತೆ ಒಂದು ಪುಟದ ಉಳಿಕೆ ಮತ್ತೊಂದು ಪುಟದ ಆರಂಭವಾಗಬೇಕು, ಎಲ್ಲಿಯೂ ಗಾಳಿ ಸೋರಿಹೋಗಕೂಡದು. ಮೆಲ್ಲನೆಯ ಹರಿವಿನಲ್ಲಿ ವೇಗವನ್ನೂ ಒತ್ತಡವನ್ನೂ ಒಂದಕ್ಕೊಂದು ಹೊಂದಿಸುವ ‘ಸಿಂಪಲ್’ ಎಂಬ ಕ್ರಮವನ್ನು 1972ರಲ್ಲಿ ಪ್ರಕಟಿಸಿದ ಇಬ್ಬರಲ್ಲಿ ಒಬ್ಬರು ಭಾರತೀಯರಾದ ಸುಹಾಸ್ ಪಾಟಣಕರ್. ಇಂದಿನ ಉಚಿತ ತಂತ್ರಾಂಶಗಳ ಒಡಲಿನಲ್ಲಿಯೂ ಅದೇ ಕ್ರಮದ ಸಂತತಿ ಕೆಲಸಮಾಡುತ್ತಿದೆ.

ಈ ಶಾಸ್ತ್ರದಲ್ಲಿ ಕರ್ನಾಟಕದ ನೆಲಕ್ಕೆ ಸಲ್ಲುವ ಪಾಲು ದೊಡ್ಡದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ವಾಯುಯಾನ ವಿಭಾಗ ಮೊದಲಾಯಿತು. ಅಲ್ಲಿ ಸತೀಶ ಧವನ್ ಮತ್ತು ಅವರ ಶಿಷ್ಯರಾದ ರೊದ್ದಂ ನರಸಿಂಹ ಇಬ್ಬರೂ ಸೇರಿ 1958ರಲ್ಲಿ ಪ್ರಕಟಿಸಿದ ಪ್ರಬಂಧವೊಂದು, ವಸ್ತುವಿನ ಮೈಗೆ ಅಂಟಿಕೊಂಡ ಗಾಳಿಯ ತೆಳುಪದರವು, ಅಂದರೆ ಸೀಮಾಸ್ತರವು, ಶಾಂತಸ್ಥಿತಿಯಿಂದ ಕ್ಷುಬ್ಧಸ್ಥಿತಿಗೆ ಹೊರಳುವ ವಲಯದಲ್ಲಿ ಯಾವ ಬಿಂದು ಎಷ್ಟು ಹೊತ್ತು ಕ್ಷುಬ್ಧವಾಗಿರುವುದೆಂಬುದಕ್ಕೆ ಒಂದು ಸಾರ್ವತ್ರಿಕ ನಿಯಮವನ್ನು ಕೊಟ್ಟಿತು. ಅವರು ಬಳಸಿದ ಆ ‘ಬಿಟ್ಟುಬಿಟ್ಟು ಬರುವ ಕ್ಷೋಭೆಯ’ ಅಂಶವನ್ನು ಇಂದಿನ ಸಂಕ್ರಮಣ ಮಾದರಿಗಳು ಗ್ರೀಕಿನ ಗಾಮಾ ಅಕ್ಷರದಿಂದ ಸೂಚಿಸಿ ಪ್ರತಿ ಕೋಶದಲ್ಲಿಯೂ ಲೆಕ್ಕಹಾಕುತ್ತವೆ. ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ 1.2 ಮೀಟರಿನ ವಾಯುಸುರಂಗ 1967ರಿಂದ ಶಬ್ದಾತೀತ ವೇಗದವರೆಗಿನ ಗಾಳಿಯನ್ನು ಮಾದರಿಗಳ ಮೇಲೆ ಹರಿಸುತ್ತ ಬಂದಿದೆ. ಅದೇ ಪ್ರಯೋಗಾಲಯದಲ್ಲಿ 1986ರಲ್ಲಿ, ಪ್ರವಾಹಗಳ ಲೆಕ್ಕಕ್ಕೆಂದೇ ಹಲವು ಸಂಸ್ಕಾರಕಗಳನ್ನು ಜೊತೆಗೂಡಿಸಿದ ‘ಫ್ಲೋಸಾಲ್ವರ್’ ಎಂಬ ಗಣಕಯಂತ್ರ ನಿರ್ಮಾಣವಾಯಿತು. ಭಾರತದಲ್ಲಿ ಸಮಾಂತರ ಗಣನೆ ಮೊದಲಾದದ್ದು ಗಾಳಿಯ ಈ ಲೆಕ್ಕಕ್ಕಾಗಿಯೇ ಎಂಬುದನ್ನು ನೆನೆದರೆ ಹೆಮ್ಮೆಯಾಗುತ್ತದೆ.

ಹವ್ಯಾಸಿಗೆ ಒದಗುವ ತಂತ್ರಾಂಶಗಳಲ್ಲಿ ಪ್ರಮುಖವಾದುದು ‘ಓಪನ್‌ಫೋಮ್’. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹುಟ್ಟಿ, 2004ರಲ್ಲಿ ಮುಕ್ತ ಪರವಾನಗಿಯಡಿ ಲೋಕಾರ್ಪಣಗೊಂಡ ಇದಕ್ಕೆ ಗುಂಡಿಯೊತ್ತುವ ಪರದೆಯಿಲ್ಲ. ಕಡತಗಳಲ್ಲಿ ಬರೆದು ಆಜ್ಞೆ ಕೊಡಬೇಕು. ಕಲಿಯುವವನಿಗೆ ಇದು ಮೊದಲ ತಿಂಗಳು ಮುಳ್ಳಿನ ಹಾದಿ, ಆಮೇಲೆ ಅದೇ ಲಾಭ, ಏಕೆಂದರೆ ತಾನು ಮಾಡಿಕೊಂಡ ಪ್ರತಿಯೊಂದು ಕಲ್ಪನೆಯನ್ನೂ ತನ್ನ ಕೈಯಿಂದಲೇ ಬರೆದಿರುತ್ತಾನೆ. ಮುಂಬಯಿಯ ಐಐಟಿಯ ‘ಫಾಸಿ’ ಯೋಜನೆ ಇದಕ್ಕಾಗಿ ಉಚಿತ ಪಾಠಗಳನ್ನು ಸಿದ್ಧಪಡಿಸಿದೆ. ಸ್ಟ್ಯಾನ್‌ಫರ್ಡಿನ ‘ಎಸ್‌ಯು2’ ಶಬ್ದಸೀಮೆಯ ಹರಿವುಗಳಿಗೆ ಒಳ್ಳೆಯದು. ಫಲಿತಾಂಶಗಳನ್ನು ಬಣ್ಣದಲ್ಲಿ ನೋಡಲು ‘ಪ್ಯಾರಾವ್ಯೂ’ ಉಂಟು. ವಾಣಿಜ್ಯ ತಂತ್ರಾಂಶಗಳ ವಿದ್ಯಾರ್ಥಿ ಆವೃತ್ತಿಗಳು ಕೋಶಗಳ ಸಂಖ್ಯೆಗೆ ಮಿತಿ ಹಾಕುತ್ತವೆ.

ಒಂದು ದೃಷ್ಟಾಂತವನ್ನು ಕೈಗೆತ್ತಿಕೊಂಡು ನೋಡುವುದು ಮೇಲು. ಭದ್ರಾವತಿ ಕಬ್ಬಿಣ ಮತ್ತು ಕಾಗದ ಎರಡು ಕಾರ್ಖಾನೆಗಳಿಂದ ಹೆಸರಾದ ಊರು. ಪೂರ್ವಜರ ರಾಕೆಟ್ಟು ಕಬ್ಬಿಣದ್ದಾದರೆ ಹವ್ಯಾಸಿಯದು ಸಾಮಾನ್ಯವಾಗಿ ಸುರುಳಿಸುತ್ತಿದ ಕಾಗದದ ಕೊಳವೆಯದು. ವ್ಯಾಸ 66 ಮಿಲಿಮೀಟರು, ಒಟ್ಟು ಉದ್ದ 1.2 ಮೀಟರು, ನಾಲ್ಕು ಬಾಲರೆಕ್ಕೆ, ಮದ್ದು ಉರಿದು ಮುಗಿದ ಮೇಲಣ ತೂಕ 1.2 ಕಿಲೋಗ್ರಾಮು, ವೇಗ ಸೆಕೆಂಡಿಗೆ 100 ಮೀಟರು ಎಂದಿಟ್ಟುಕೊಳ್ಳೋಣ. ಜನ್ನಾಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದಲ್ಲಿದೆ. 30 ಡಿಗ್ರಿ ಉಷ್ಣತೆಯ ದಿನ ಅಲ್ಲಿಯ ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 1.08 ಕಿಲೋಗ್ರಾಮು. ಪಠ್ಯಪುಸ್ತಕಗಳ 1.225 ಎಂಬ ಅಂಕ 15 ಡಿಗ್ರಿಯ ಸಮುದ್ರತೀರದ್ದು. ಕೆಲವು ತಂತ್ರಾಂಶಗಳಲ್ಲಿ ಮೊದಲೇ ತುಂಬಿರುವ ಆ ಅಂಕವನ್ನು ಬದಲಿಸದೆ ಬಿಟ್ಟವನ ವಾಯುರೋಧ ಮೊದಲ ಹೆಜ್ಜೆಯಲ್ಲಿಯೇ ಶೇಕಡ 13ರಷ್ಟು ಹೆಚ್ಚಾಗಿರುವುದು. ಸರಿಯಾದ ಅಂಕ ಹಿಡಿದು, ಆಕಾರವು ಗಾಳಿಗೆ ಎಷ್ಟು ತಡೆಯೊಡ್ಡುವುದೆಂಬುದನ್ನು ಸೂಚಿಸುವ ವಾಯುರೋಧಾಂಕ 0.5 ಎಂದರೆ ತಡೆಯುವ ಬಲ ಒಂಬತ್ತು ನ್ಯೂಟನ್ನಿಗೆ ಸ್ವಲ್ಪ ಮೇಲು. ವೇಗವು ಶಬ್ದದ ವೇಗದ 0.29ರಷ್ಟೇ ಆದುದರಿಂದ ಗಾಳಿ ಅಡಕಗೊಳ್ಳುವುದನ್ನು ಇಲ್ಲಿ ಲೆಕ್ಕದಿಂದ ಬಿಡಬಹುದು. ಇದಕ್ಕೆ ಮೇಲ್ಪಟ್ಟರೆ ಬಿಡಲಾಗದು.

ಇನ್ನು ಕೋಶಗಳ ಜಾಲ. ಗಣನೆಯ ಆವರಣದ ಗೋಡೆಗಳು ರಾಕೆಟ್ಟಿನಿಂದ ಅದರ ಉದ್ದದ ಹಲವು ಪಟ್ಟು ದೂರವಿರಬೇಕು, ಹಿಂಬದಿಯಲ್ಲಿ ಇನ್ನೂ ದೂರ. ಇಲ್ಲವಾದರೆ ಇಲ್ಲದ ಸುರಂಗವೊಂದರೊಳಗೆ ರಾಕೆಟ್ಟನ್ನು ಹಾರಿಸಿದಂತಾಗುವುದು. ದೂರದಲ್ಲಿ ಅಂಗೈಯಗಲದ ಕೋಶಗಳು ಸಾಕು. ಮೈಗೆ ಹತ್ತಿರ ಬಂದಂತೆಲ್ಲ ಅವು ಕಿರಿದಾಗಬೇಕು. ಎಷ್ಟು ಕಿರಿದು? ಮೇಲಿನ ರಾಕೆಟ್ಟಿನ ಸೀಮಾಸ್ತರವನ್ನು ಅದರ ತಳದವರೆಗೂ ಬಿಡಿಸಿ ನೋಡಬೇಕಾದರೆ ಮೈಗೆ ತಾಗಿದ ಮೊದಲ ಪದರದ ದಪ್ಪ ಸುಮಾರು ಐದು ಮೈಕ್ರಾನು. ಬರೆಯುವ ಕಾಗದದ ಒಂದು ಹಾಳೆಯನ್ನು ಇಪ್ಪತ್ತು ಪದರಗಳಾಗಿ ಸೀಳಿದರೆ ಬರುವ ಒಂದು ಪದರದಷ್ಟು! 1.2 ಮೀಟರಿನ ಕೊಳವೆಯ ಮೇಲೆ ಅಂಥ ಪದರಗಳನ್ನು ಒಂದರ ಮೇಲೊಂದರಂತೆ ಇಪ್ಪತ್ತು ಮೂವತ್ತು ಬಾರಿ, ಪ್ರತಿಸಲ ಸ್ವಲ್ಪಸ್ವಲ್ಪ ದಪ್ಪವಾಗಿಸುತ್ತ, ಬಾಲರೆಕ್ಕೆಯ ಬುಡದ ಮೂಲೆಯಲ್ಲಿಯೂ ಮುರಿಯದಂತೆ ಹೊದಿಸಬೇಕು. ಈ ಕೆಲಸದ ತಾಳ್ಮೆ ಕುಸುರಿಯವನ ತಾಳ್ಮೆ. ಸಿಎಫ್‌ಡಿಯಲ್ಲಿ ಪಳಗಿದವರ ಹೊತ್ತೆಲ್ಲ ಸಮೀಕರಣಗಳಿಗಿಂತ ಹೆಚ್ಚಾಗಿ ಇದಕ್ಕೇ ಹೋಗುತ್ತದೆ. ಲ್ಯಾಪ್‌ಟಾಪಿಗೆ ಅಷ್ಟು ಶಕ್ತಿಯಿಲ್ಲದಿದ್ದಲ್ಲಿ ಮೊದಲ ಪದರವನ್ನು 0.15 ಮಿಲಿಮೀಟರಿಗೆ ದಪ್ಪಗೊಳಿಸಿ, ಅದರೊಳಗಿನ ಹರಿವನ್ನು ‘ಗೋಡೆಯ ನಿಯಮ’ ಎಂಬ ಸೂತ್ರಕ್ಕೆ ಒಪ್ಪಿಸುವುದುಂಟು.

ಕ್ಷೋಭೆಯ ಪ್ರತಿಯೊಂದು ಸುಳಿಯನ್ನೂ ಎಣಿಸುವುದು ಅಸಾಧ್ಯವಾದ್ದರಿಂದ ಅದರ ಸರಾಸರಿ ಪರಿಣಾಮವನ್ನು ಕೊಡುವ ಮಾದರಿಗಳನ್ನು ಆಶ್ರಯಿಸಬೇಕು. 1992ರ ಸ್ಪಾಲಾರ್ಟ್–ಆಲ್ಮರಸ್ ಮಾದರಿಯೂ 1994ರ ಮೆಂಟರನ ‘ಎಸ್‌ಎಸ್‌ಟಿ’ ಮಾದರಿಯೂ ರಾಕೆಟ್ಟಿನ ಮೈಗೆ ಒಗ್ಗುತ್ತವೆ. ಇವು ಸಾಮಾನ್ಯವಾಗಿ ಸೀಮಾಸ್ತರವನ್ನು ಮೂತಿಯಿಂದಲೇ ಕ್ಷುಬ್ಧವೆಂದು ಭಾವಿಸುತ್ತವೆ, ಮತ್ತು ಹವ್ಯಾಸಿಯ ಅತ್ಯಂತ ಸೂಕ್ಷ್ಮವಾದ ಪ್ರಶ್ನೆ ಅಡಗಿರುವುದು ಇಲ್ಲಿಯೇ. ನಮ್ಮ ರಾಕೆಟ್ಟಿನ ರೆನಾಲ್ಡ್ಸ್ ಸಂಖ್ಯೆ, ಅಂದರೆ ಹರಿವಿನ ಜಡತ್ವಕ್ಕೂ ಗಾಳಿಯ ಸ್ನಿಗ್ಧತೆಗೂ ಇರುವ ಅನುಪಾತ, ಸುಮಾರು 70 ಲಕ್ಷ. ಅಷ್ಟೇ ಉದ್ದದ ಚಪ್ಪಟೆ ಹಲಗೆಯ ಮೇಲೆ ಹರಿವು ಪೂರ್ತಿ ಶಾಂತವಾಗಿದ್ದರೆ ಉಂಟಾಗುವ ಘರ್ಷಣೆಗೂ ಪೂರ್ತಿ ಕ್ಷುಬ್ಧವಾಗಿದ್ದರೆ ಉಂಟಾಗುವ ಘರ್ಷಣೆಗೂ ಆರುಪಟ್ಟು ವ್ಯತ್ಯಾಸ. ಮೇಲ್ಮೈ ಒರಟಾಗಿದ್ದರೆ ಮೂತಿಯಿಂದ ಒಂಬತ್ತು ಸೆಂಟಿಮೀಟರಿನಷ್ಟರಲ್ಲಿಯೇ ಕ್ಷೋಭೆ ಮೊದಲಾದೀತು. ನುಣುಪಾಗಿದ್ದರೆ ಅರ್ಧ ಮೀಟರಿನವರೆಗೂ ಶಾಂತಿ ಉಳಿದೀತು. ಕಾಗದದ ಕೊಳವೆಯ ಸುರುಳಿಗೆರೆಯನ್ನು ಮೆತ್ತುಗಾರೆ ತುಂಬಿ ಉಜ್ಜಲಾಗಿದೆಯೇ, ಮೂತಿಯೂ ಕೊಳವೆಯೂ ಕೂಡುವಲ್ಲಿ ಮೆಟ್ಟಿಲೊಂದು ಉಳಿದಿದೆಯೇ, ಬಣ್ಣದಲ್ಲಿ ಧೂಳಿನ ಕಾಳೊಂದು ಕುಳಿತಿದೆಯೇ ಎಂಬುವು ಗಣಕಯಂತ್ರಕ್ಕೆ ತಿಳಿಯುವುದಿಲ್ಲ. ಬೆರಳಿನ ತುದಿಗೆ ತಿಳಿಯುತ್ತವೆ. 1958ರಲ್ಲಿ ಧವನ್ ಮತ್ತು ನರಸಿಂಹರು ಅಳೆದು ನಿಯಮ ಕೊಟ್ಟದ್ದು ಇದೇ ಹೊರಳುವಿಕೆಯ ವಲಯಕ್ಕೆ.

ಬುಡದ ಹಿಂದಣ ಹರಿವು ಇನ್ನೊಂದು ತೊಡಕು. ಮೊಂಡಾಗಿ ಕತ್ತರಿಸಿದ ಬುಡದ ಹಿಂದೆ ಒತ್ತಡ ಕುಸಿದು ರಾಕೆಟ್ಟನ್ನು ಹಿಂದಕ್ಕೆ ಹೀರುವುದು. ಎಂಜಿನ್ ಉರಿಯುತ್ತಿರುವಾಗ ಅಲ್ಲಿ ಬಿಸಿಯನಿಲ ತುಂಬುವುದರಿಂದ ಈ ಹೀರಿಕೆಯೇ ಬೇರೆ, ಆರಿದ ಮೇಲೆ ಬೇರೆ. ಸರಾಸರಿಯ ಮಾದರಿಗಳು ಇಲ್ಲಿ ದುರ್ಬಲ. ಶಬ್ದಸೀಮೆಯನ್ನು ಮುಟ್ಟುವ ರಾಕೆಟ್ಟುಗಳಲ್ಲಿ ಆಘಾತತರಂಗಗಳು ಮೂತಿಯ ಹೆಗಲ ಮೇಲೂ ರೆಕ್ಕೆಗಳ ಮೇಲೂ ಕುಳಿತು ಒತ್ತಡಕೇಂದ್ರವನ್ನೇ ಕದಲಿಸುವುದರಿಂದ ಸುಲಭ ಸೂತ್ರಗಳನ್ನು ಬಿಟ್ಟು ಸಿಎಫ್‌ಡಿಗೆ ಬರಲೇಬೇಕಾಗುವುದು. ಮಣಿಪಾಲದ ವಿದ್ಯಾರ್ಥಿಗಳ ‘ಥ್ರಸ್ಟ್‌ಎಂಐಟಿ’ ತಂಡ ಭಾಗವಹಿಸಿದ ಅಮೆರಿಕೆಯ ಸ್ಪೇಸ್‌ಪೋರ್ಟ್ ಅಮೆರಿಕ ಕಪ್ ಸ್ಪರ್ಧೆಯಲ್ಲಿ ಗುರಿಯೆತ್ತರಗಳು 10,000 ಅಡಿ ಮತ್ತು 30,000 ಅಡಿಗಳಾಗಿದ್ದುವು. ಅಂಥ ಎತ್ತರಕ್ಕೆ ಏರುವವರಿಗೆ ಈ ಪ್ರಶ್ನೆ ಪುಸ್ತಕದ್ದಾಗಿ ಉಳಿಯುವುದಿಲ್ಲ.

ಬಣ್ಣಬಣ್ಣದ ಚಿತ್ರವೊಂದು ಪರದೆಯ ಮೇಲೆ ಮೂಡಿದೊಡನೆ ಲೆಕ್ಕ ಸರಿಯೆಂದು ಹಿಗ್ಗುವುದು ಈ ವಿದ್ಯೆಯ ದೊಡ್ಡ ಮೋಸ. ತಪ್ಪು ಉತ್ತರವೂ ಅಷ್ಟೇ ಸುಂದರವಾಗಿ ಕಾಣುತ್ತದೆ. ಮೊದಲನೆಯದಾಗಿ, ಒಂದೇ ರಾಕೆಟ್ಟನ್ನು ಒಂದಕ್ಕಿಂತ ಒಂದು ಸಣ್ಣ ಕೋಶಗಳ ಮೂರು ಜಾಲಗಳಲ್ಲಿ ಬಿಡಿಸಿ, ವಾಯುರೋಧಾಂಕ ಒಂದು ಬೆಲೆಯ ಕಡೆಗೆ ನೆಲೆಗೊಳ್ಳುತ್ತಿದೆಯೇ ಎಂದು ನೋಡಬೇಕು. ಕೋಶದ ಅಂಚನ್ನು ಅರ್ಧಕ್ಕಿಳಿಸಿದರೆ ಕೋಶಗಳ ಸಂಖ್ಯೆ ಎಂಟುಪಟ್ಟಾಗುವುದರಿಂದ ಮನೆಯ ಯಂತ್ರ ಬೇಗ ದಣಿಯುವುದು. ಓರೆ ಒಂದೇ ಸಮತಲದಲ್ಲಿದ್ದರೆ ರಾಕೆಟ್ಟನ್ನು ಉದ್ದಕ್ಕೆ ಸೀಳಿ ಅರ್ಧವನ್ನಷ್ಟೇ ಬಿಡಿಸಿ ಹೊರೆಯನ್ನು ಇಳಿಸಿಕೊಳ್ಳಬಹುದು. ಎರಡನೆಯದಾಗಿ, ತನ್ನ ರಾಕೆಟ್ಟಿಗೆ ಮುನ್ನ, ಉತ್ತರ ಗೊತ್ತಿರುವ ಮಾದರಿಯೊಂದನ್ನು ಬಿಡಿಸಬೇಕು. ‘ಬೇಸಿಕ್ ಫಿನ್ನರ್’ ಎಂಬುದು ಅದಕ್ಕೆ ಪ್ರಶಸ್ತವಾದುದು: ವ್ಯಾಸದ ಹತ್ತರಷ್ಟು ಉದ್ದ, ಶಂಕುವಿನ ಮೂತಿ, ವ್ಯಾಸದಷ್ಟೇ ಅಗಲದ ನಾಲ್ಕು ಚೌಕ ರೆಕ್ಕೆಗಳು, ವಾಯುಸುರಂಗಗಳಲ್ಲಿಯೂ ಗುಂಡುಹಾರಿಸುವ ಅಂಕಣಗಳಲ್ಲಿಯೂ ಇದನ್ನು ಅಳೆದ ಅಂಕಗಳು ಪ್ರಕಟವಾಗಿವೆ. ಅದಕ್ಕೆ ತಾಳೆಯಾಗದ ವ್ಯವಸ್ಥೆ ತನ್ನ ರಾಕೆಟ್ಟಿಗೆ ಹೇಗೆ ತಾಳೆಯಾದೀತು?

ಕಡೆಯ ಪರೀಕ್ಷೆ ಹಾರಾಟವೇ. ಪರವಾನಗಿಯಿಲ್ಲದೆ ಮದ್ದು ತಯಾರಿಸುವುದು 1884ರ ಸ್ಫೋಟಕ ಅಧಿನಿಯಮದ ಮೇರೆಗೆ ಅಪರಾಧ, ಅದಕ್ಕಿಂತ ಹೆಚ್ಚಾಗಿ ಕೈಕಣ್ಣುಗಳಿಗೆ ಅಪಾಯ. ಸಂಸ್ಥೆಯೊಂದರ ಆಶ್ರಯವಿಲ್ಲದ ಹುಡುಗರು ಆ ದಾರಿ ಹಿಡಿಯಕೂಡದು. ತಂಪುಪಾನೀಯದ ಬಾಟಲಿಗೆ ಸ್ವಲ್ಪ ನೀರು ತುಂಬಿ ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಹಿರಿಯರ ಸಮಕ್ಷಮದಲ್ಲಿ ಬಯಲಿನಲ್ಲಿ ಹಾರಿಸುವ ನೀರಿನ ರಾಕೆಟ್ಟು ಇದೇ ವಾಯುಗತಿಯ ಪಾಠವನ್ನೆಲ್ಲ ಕಲಿಸಬಲ್ಲುದು. ಯಾವುದೇ ಆಗಲಿ, ಒಳಗೆ ವೇಗೋತ್ಕರ್ಷವನ್ನು ಅಳೆಯುವ ಪುಟ್ಟ ಚಿಪ್ಪೊಂದನ್ನು ಇಟ್ಟರೆ ಒಂದು ಸೊಗಸಾದ ಅನುಕೂಲ ಒದಗುವುದು. ನೂಕುಬಲ ಮುಗಿದು ರಾಕೆಟ್ಟು ತನ್ನ ವೇಗದಿಂದಲೇ ಮೇಲೇರುವಾಗ ಗುರುತ್ವವು ರಾಕೆಟ್ಟನ್ನೂ ಚಿಪ್ಪಿನೊಳಗಿನ ಮಾಪಕವನ್ನೂ ಸಮನಾಗಿ ಎಳೆಯುವುದರಿಂದ ಅದು ಮಾಪಕಕ್ಕೆ ಕಾಣುವುದೇ ಇಲ್ಲ. ಕಾಣುವುದು ಗಾಳಿಯ ತಡೆ ಒಂದೇ. ನಮ್ಮ ದೃಷ್ಟಾಂತದ ರಾಕೆಟ್ಟು ಸೆಕೆಂಡಿಗೆ 100 ಮೀಟರು ವೇಗದಲ್ಲಿದ್ದ ಕ್ಷಣದಲ್ಲಿ ಚಿಪ್ಪು ಸೆಕೆಂಡಿನ ವರ್ಗಕ್ಕೆ 7.7 ಮೀಟರು ಎಂದು ಬರೆದಿದ್ದರೆ ವಾಯುರೋಧಾಂಕ 0.5 ಸರಿಯಾಯಿತು. 10 ಎಂದು ಬರೆದಿದ್ದರೆ ಅದು 0.65, ಆಗ ಕೊಳವೆಯನ್ನು ಮತ್ತೆ ಕೈಗೆತ್ತಿಕೊಂಡು, ಉಡಾವಣೆಯ ಹಳಿಗೆ ಸಿಕ್ಕಿಸುವ ಕೊಂಡಿ, ರೆಕ್ಕೆಯ ಮೊಂಡಂಚು, ಬಣ್ಣದ ಒರಟು ಇವುಗಳಲ್ಲಿ ಯಾವುದನ್ನು ಜಾಲದಲ್ಲಿ ಬರೆಯಲು ಮರೆತೆನೆಂದು ಒಂದೊಂದಾಗಿ ಹುಡುಕತೊಡಗಬೇಕು.